ತೆಂಗಿಗೆ ತಾಯಿಬೇರಿಲ್ಲ

ತಪಸ್ಸು ಕಾಲದ ಕೊನೆಯ ವಾರಗಳು ಸಮೀಪಿಸಿದವೆಂದರೆ ನಮ್ಮ ತೋಟದಲ್ಲಿ ವರ್ಷಂಪ್ರತಿ ತಪ್ಪದೆ ನಡೆಯುವ ಕೆಲಸವೊಂದುಂಟು. ಗರಿಗಳ ಭಾನುವಾರದ ಮೆರವಣಿಗೆಗೆ ಬೇಕಾದ ತೆಂಗಿನ ಗರಿಗಳನ್ನು ಕಡಿದು, ಹೊರೆ ಕಟ್ಟಿ, ಶನಿವಾರ ಸಂಜೆಯೊಳಗೆ ದೇವಾಲಯಕ್ಕೆ ತಲುಪಿಸುವ ಕೆಲಸ ಅದು. ಮರ ಹತ್ತುವವನು ಬಂದು ನಿಂತಾಗ ನಮ್ಮ ಅಜ್ಜಿಯವರು ಬುಡದಲ್ಲಿ ನಿಂತು ಹೇಳುತ್ತಿದ್ದ ಮಾತು ಒಂದೇ: “ಒಂದು ಮರಕ್ಕೆ ಒಂದೇ ಗರಿ. ಸುಳಿಯ ತಂಟೆಗೆ ಮಾತ್ರ ಹೋಗಬೇಡಪ್ಪ.” ತೆಂಗಿನ ಮರಕ್ಕೆ ಇರುವುದು ಒಂದೇ ಸುಳಿ. ಅದು ಹೋಯಿತೆಂದರೆ ಮರವೇ ಹೋದಂತೆ. ದೇವರ ಕಾರ್ಯಕ್ಕೆಂದು ಕಡಿಯುವಾಗಲೂ ಮರದ ಜೀವಕ್ಕೆ ಕುಂದು ಬರಬಾರದೆಂಬ ಎಚ್ಚರ ಅವರದು.

2022ನೆಯ ಇಸವಿಯ ಗರಿಗಳ ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ ನಸುಕಿನಲ್ಲಿ ಅಜ್ಜಿಯವರು ತೀರಿಕೊಂಡರು. ಅವರಿಗೆ ಆಗ 94 ವರ್ಷ. ಶನಿವಾರ ಅವರನ್ನು ಮಣ್ಣು ಮಾಡಿ ಮನೆಗೆ ಬಂದ ಮೇಲೆ, ಗರಿ ಕಡಿಯುವ ಕೆಲಸ ಹಾಗೆಯೇ ಉಳಿದಿದೆಯೆಂಬುದು ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ. ನೆನಪಾದದ್ದು ನಮ್ಮ ದೊಡ್ಡತ್ತೆಗೆ. ಅಂದಿಗೆ ಅರವತ್ತೆಂಟು ತುಂಬಿದ್ದ ಆಕೆ, ಅತ್ತು ಕೆಂಪಾದ ಕಣ್ಣುಗಳನ್ನು ಸೆರಗಿನಿಂದ ಒರಸಿಕೊಂಡು, ಮರ ಹತ್ತುವವನಿಗೆ ಹೇಳಿಕಳುಹಿಸಿ, ಕತ್ತಲಾಗುವ ಮುನ್ನ ಹೊರೆಯನ್ನು ದೇವಾಲಯಕ್ಕೆ ಮುಟ್ಟಿಸಿದರು. ಬುಡದಲ್ಲಿ ನಿಂತು ಅವರು ಆಡಿದ ಮಾತೂ ಅದೇ: “ಸುಳಿಯ ತಂಟೆಗೆ ಹೋಗಬೇಡಪ್ಪ.” ಅಜ್ಜಿಯವರು ಹೋದರು, ಆದರೆ ತೋಟದ ಯಜಮಾನಿಕೆ ಎಲ್ಲಿಗೆ ಸಲ್ಲಬೇಕಿತ್ತೋ ಅಲ್ಲಿಗೆ ಸಂದಿದೆ ಎಂಬುದು ಆ ಸಂಜೆ ನಮಗೆ ತಿಳಿಯಿತು. ಅದು ಹಾಗೆ ಸಲ್ಲುವುದಕ್ಕೆ ಅಜ್ಜಿಯವರು ತೆತ್ತ ಬೆಲೆ ಎಷ್ಟೆಂಬುದನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ನಮ್ಮ ತುಮಕೂರು ಜಿಲ್ಲೆ ಹಿರಿಯ ತಾಯಂದಿರ ವಿಷಯದಲ್ಲಿ ಬಡವಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಪ್ರತಿಫಲ ಬಯಸದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನವೇ ಕಣ್ಮುಚ್ಚಿದರು. ನಮ್ಮ ನೆರೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕನವರು ಹುಲಿಕಲ್–ಕುದೂರು ರಸ್ತೆಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು ಮಕ್ಕಳಂತೆ ಸಾಕಿ, 2019ರಲ್ಲಿ ಪದ್ಮಶ್ರೀ ಪಡೆದು, 2025ರ ನವೆಂಬರ್ 14ರಂದು ತೀರಿಕೊಂಡರು. ಇವರಿಬ್ಬರ ಹೆಸರನ್ನು ನಾಡೆಲ್ಲ ಬಲ್ಲುದು. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಲ್ಲಿ ಯಾವ ಪಟ್ಟಿಗೂ ಸೇರದೆ ಬದುಕಿ ಹೋದ ತಾಯಂದಿರು ಎಷ್ಟೋ ಮಂದಿ. ನಮ್ಮ ಅಜ್ಜಿಯವರು ಅಂಥವರಲ್ಲಿ ಒಬ್ಬರು. ಅವರಿಗೆ ಯಾವ ಪ್ರಶಸ್ತಿಯೂ ಬರಲಿಲ್ಲ. ಎಂಬತ್ತೊಂದನೆಯ ವಯಸ್ಸಿನವರೆಗೆ ಪಹಣಿಯಲ್ಲಿ ಅವರ ಹೆಸರೂ ಇರಲಿಲ್ಲ.

ಅಜ್ಜಿಯವರ ತವರು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಕಡೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಗುರುಗಳು ಕಟ್ಟಿಸಿದ ಅಲ್ಲಿಯ ಜಪಮಾಲೆ ಮಾತೆಯ ದೇವಾಲಯದಲ್ಲಿ 1928ರಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. 1946ರಲ್ಲಿ ಅದೇ ಪೀಠದ ಮುಂದೆ ಅವರ ವಿವಾಹವೂ ನಡೆಯಿತು. ಹದಿನೆಂಟರ ಮದುವಣಗಿತ್ತಿಯಾಗಿ ಎತ್ತಿನ ಗಾಡಿಯಲ್ಲಿಯೂ ರೈಲಿನಲ್ಲಿಯೂ ಪ್ರಯಾಣ ಮಾಡಿ, ತಿಪಟೂರಿಗೂ ತುರುವೇಕೆರೆಗೂ ನಡುವಿನ ಒಂದು ಹಳ್ಳಿಗೆ ಅವರು ಬಂದರು. ಹೇಮಾವತಿಯ ದಡದಲ್ಲಿ ಬೆಳೆದವರಿಗೆ ಈ ಸೀಮೆಯ ಒಣ ನೆಲ, ಆಳದ ಬಾವಿ, ಮಳೆಗಾಗಿ ಮುಗಿಲು ನೋಡುವ ಪರಿ ಎಲ್ಲವೂ ಹೊಸದು. “ಬಂದ ಮೊದಲ ವರ್ಷ ನಾನು ಅತ್ತದ್ದು ತವರಿನವರನ್ನು ನೆನೆದಲ್ಲ, ಹೊಳೆಯನ್ನು ನೆನೆದು” ಎಂದು ಅವರು ನಗುತ್ತಾ ಹೇಳುತ್ತಿದ್ದರು.

ಆ ಹೊಳೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟುವ ಕಾರ್ಯ ಕೈಗೂಡಿ 1979ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಸುತ್ತಲಿನ ಊರುಗಳು ಮುಳುಗಿದವು, ಜನರು ಮನೆಮಠಗಳನ್ನು ಬಿಟ್ಟು ಹೊಸ ನೆಲೆಗಳಿಗೆ ಹೋದರು. ಅಜ್ಜಿಯವರ ತವರುಮನೆಯೂ ನೀರಿನ ಪಾಲಾಯಿತು. ಮಳೆಗಾಲದಲ್ಲಿ ಅರೆ ಮುಳುಗಿ, ಬೇಸಗೆಯಲ್ಲಿ ಚಾವಣಿಯಿಲ್ಲದೆ ಬಯಲಲ್ಲಿ ನಿಲ್ಲುವ ಆ ದೇವಾಲಯದ ಗೋಡೆಗಳನ್ನು ಇಂದು ದೂರದೂರದ ಪ್ರವಾಸಿಗರು ಬಂದು ನೋಡಿ ಹೋಗುತ್ತಾರೆ. ನಾವು ಮೊಮ್ಮಕ್ಕಳು ಒಮ್ಮೆ ಅಜ್ಜಿಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಅವರು ಪೀಠವಿದ್ದ ದಿಕ್ಕಿಗೆ ತಿರುಗಿ, ಮಣ್ಣಿನಲ್ಲೇ ಮೊಣಕಾಲೂರಿ ಒಂದು ಪ್ರಾರ್ಥನೆ ಹೇಳಿ ಎದ್ದರು. ಬೇರೆ ಮಾತನಾಡಲಿಲ್ಲ.

ಆದರೆ ಅದೇ ಅಣೆಕಟ್ಟಿನ ಎಡದಂಡೆಯ ನಾಲೆಯಿಂದ ಹೇಮಾವತಿಯ ನೀರು ತುಮಕೂರು ಜಿಲ್ಲೆಯತ್ತ ಹರಿದು ಬಂತು. ಕೆಲವು ವರ್ಷಗಳ ಬಳಿಕ ನಮ್ಮ ಭಾಗದ ಕೆರೆಗೂ ಅದರ ಪಾಲು ದೊರೆತು, ಬತ್ತಿದ್ದ ಬಾವಿಗಳಲ್ಲಿ ನೀರು ಕಾಣಿಸಿಕೊಂಡಿತು. ತವರನ್ನು ಮುಳುಗಿಸಿದ ನೀರೇ ಗಂಡನ ಮನೆಯ ತೋಟಕ್ಕೆ ಜೀವ ಕೊಟ್ಟಿತು. ನೀರು ಬಂದ ದಿನ ಊರವರೆಲ್ಲ ಕೆರೆಯ ಏರಿಯ ಮೇಲೆ ಸಂತೋಷದಿಂದ ನೆರೆದಿದ್ದಾಗ, ಅಜ್ಜಿಯವರು ಬೊಗಸೆಯಲ್ಲಿ ಆ ನೀರನ್ನು ತೆಗೆದುಕೊಂಡು ಮುಖ ತೊಳೆದುಕೊಂಡರಂತೆ. “ಒಬ್ಬರ ಹೊಲ ಮುಳುಗದೆ ಇನ್ನೊಬ್ಬರ ಹೊಲ ನೆನೆಯಲಿಲ್ಲ, ಅದನ್ನು ಮರೆಯಬೇಡಿ” ಎಂದು ಅವರು ಅಂದು ಹೇಳಿದ್ದನ್ನು ನಮ್ಮ ತಂದೆಯವರು ಹಲವು ಬಾರಿ ನೆನೆದಿದ್ದಾರೆ.

ಅವರಿಗೆ ಏಳು ಮಕ್ಕಳಾಗಿ ಇಬ್ಬರು ಎಳವೆಯಲ್ಲೇ ತೀರಿಹೋದರು. ಉಳಿದ ಐವರಲ್ಲಿ ಹಿರಿಯವರು ದೊಡ್ಡತ್ತೆ, ಅನಂತರ ದೊಡ್ಡಪ್ಪ, ನಮ್ಮ ತಂದೆ, ಚಿಕ್ಕತ್ತೆ, ಕೊನೆಗೆ ಚಿಕ್ಕಪ್ಪ. 1966ರಲ್ಲಿ, ಮಳೆಯಿಲ್ಲದೆ ದೇಶವೇ ತತ್ತರಿಸಿದ್ದ ಕಾಲದಲ್ಲಿ, ನಮ್ಮ ಅಜ್ಜ ಜ್ವರ ಬಂದು ಹತ್ತೇ ದಿನದಲ್ಲಿ ತೀರಿಕೊಂಡರು. ಅಜ್ಜಿಯವರಿಗೆ ಆಗ ಮೂವತ್ತೆಂಟು ವರ್ಷ, ಚಿಕ್ಕಪ್ಪನಿಗೆ ಎರಡು. ಮೂರು ಎಕರೆ ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಅಂಗಡಿಯ ಸಾಲ ಇವಿಷ್ಟೇ ಅಜ್ಜ ಬಿಟ್ಟು ಹೋದ ಆಸ್ತಿ. ನೆಂಟರು ಒಟ್ಟಾಗಿ ಸಲಹೆ ಕೊಟ್ಟರು: “ತೋಟ ಮಾರಿ ತವರಿಗೆ ಹೋಗಮ್ಮ, ಹೆಂಗಸು ತೋಟ ಮಾಡಿದ್ದುಂಟೇ?” ಅಜ್ಜಿಯವರು ತೋಟ ಮಾರಲಿಲ್ಲ. ಮೂವತ್ತನೆಯ ದಿನದ ಪೂಜೆ ಮುಗಿಸಿಕೊಂಡು ಬಂದವರೇ ಅಟ್ಟ ಹತ್ತಿದರು.

ಅಟ್ಟವೆಂದರೆ ಏನೆಂಬುದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು ಅಗತ್ಯ. ಬೇರೆ ನಾಡುಗಳಲ್ಲಿ ಕಾಯಿಯನ್ನು ಒಡೆದು ಬಿಸಿಲಿಗೆ ಒಣಗಿಸಿ, ಎಣ್ಣೆಗೆ ಕೊಬ್ಬರಿ ಮಾಡುತ್ತಾರೆ. ತಿಪಟೂರು ಸೀಮೆಯ ಹೆಸರು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಚೆನ್ನಾಗಿ ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ, ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗಿಟುಕು ಒಳಗೆ ಗಟಗಟನೆ ಸದ್ದು ಮಾಡಬೇಕು. ಆಮೇಲೆ ಸಿಪ್ಪೆ ಸುಲಿದು, ಗಿಟುಕು ಬಿರಿಯದಂತೆ ಚಿಪ್ಪನ್ನು ಒಡೆದು ತೆಗೆಯಬೇಕು. ಇಡಿಯಾಗಿ ಬಂದರೆ ಒಂದು ಬೆಲೆ, ಒಡೆದರೆ ಇನ್ನೊಂದು. ಹೀಗೆ ಸಿದ್ಧವಾದ ಕೊಬ್ಬರಿ ತಿಪಟೂರಿನ ಮಾರುಕಟ್ಟೆಯಿಂದ ಉತ್ತರ ಭಾರತದ ಮದುವೆ ಮನೆಗಳಿಗೂ ಹಬ್ಬಗಳಿಗೂ ಹೋಗುತ್ತದೆ. ಇಂದು ಕಿತ್ತ ಕಾಯಿಯ ಹಣ ಕೈಗೆ ಬರುವುದು ಮುಂದಿನ ವರ್ಷ. ಸಾಲಗಾರ ಬಾಗಿಲಲ್ಲಿ ನಿಂತಿರುವಾಗ ಅಟ್ಟದ ಕಾಯಿಯನ್ನು ಹಸಿಯಾಗಿಯೇ ಮಾರದೆ ಕಾಯುವುದಕ್ಕೆ ಎಂಥ ಎದೆಗಾರಿಕೆ ಬೇಕೆಂಬುದನ್ನು ತೋಟದ ಮನೆಯವರು ಬಲ್ಲರು.

ಅಜ್ಜಿಯವರು ಕಾದರು. ಹಗಲು ಕೂಲಿಯವರೊಡನೆ ಪಾತಿ ಮಾಡಿದರು, ಬಾವಿಯಿಂದ ನೀರು ಸೇದಿ ಎಳೆಯ ಸಸಿಗಳಿಗೆ ಹೊಯ್ದರು. ರಾತ್ರಿ ಜಪಸರ ಮುಗಿದ ಮೇಲೆ ಗರಿ ಸೀಳಿ ಕಡ್ಡಿ ತೆಗೆದು ಪೊರಕೆ ಕಟ್ಟಿದರು. ಪೊರಕೆಯ ಕಾಸಿನಿಂದ ಉಪ್ಪು, ಸೀಮೆಎಣ್ಣೆ; ಸಿಪ್ಪೆಯ ಕಾಸಿನಿಂದ ಮಕ್ಕಳ ಪುಸ್ತಕ; ಚಿಪ್ಪು ಒಲೆಗೆ; ಕೊಬ್ಬರಿಯ ಹಣ ಸಾಲಕ್ಕೆ. ಓದು ಬಾರದೆ ಬಂದಿದ್ದ ಅವರು ಉಪದೇಶಿಗಳಿಂದ ಜಪದ ಪುಸ್ತಕವನ್ನು ಓದುವುದನ್ನು ಕಲಿತು, ಆ ಅಕ್ಷರಗಳಿಂದಲೇ ಲೆಕ್ಕದ ಪುಸ್ತಕವನ್ನೂ ಬರೆಯತೊಡಗಿದರು. ಎಷ್ಟು ಕಾಯಿ ಕಿತ್ತದ್ದು, ಎಷ್ಟು ಅಟ್ಟಕ್ಕೆ ಏರಿದ್ದು, ನೂರಕ್ಕೆ ಎಷ್ಟು ಕೊಸರು ಹೋದದ್ದು, ಯಾರಿಗೆ ಎಷ್ಟು ಕೂಲಿ ಬಾಕಿ ಎಲ್ಲವೂ ಅದರಲ್ಲಿ ಇರುತ್ತಿದ್ದುವು. ಎಂಟು ವರ್ಷಗಳಲ್ಲಿ ಅಂಗಡಿಯ ಸಾಲ ತೀರಿತು.

ದೇವಾಲಯ ನಮ್ಮ ಹಳ್ಳಿಯಿಂದ ದೂರ. ಆದರೂ ಭಾನುವಾರದ ಬಲಿಪೂಜೆಗೆ ಐದು ಮಕ್ಕಳನ್ನೂ ನಡೆಸಿಕೊಂಡು ಹೋಗುತ್ತಿದ್ದರು. ಮೊದಲು ಲತೀನ್ ಭಾಷೆಯಲ್ಲಿದ್ದ ಪೂಜೆ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಬಳಿಕ ಕನ್ನಡಕ್ಕೆ ಬಂದಾಗ ಅವರು ಪಟ್ಟ ಸಂತೋಷ ಅಷ್ಟಿಷ್ಟಲ್ಲ. “ಇಷ್ಟು ದಿನ ಸ್ವಾಮಿಗಳು ದೇವರ ಹತ್ತಿರ ಮಾತಾಡುತ್ತಿದ್ದರು, ನಾವು ಕೇಳುತ್ತಿದ್ದೆವು. ಈಗ ನಾವೂ ಮಾತಾಡಬಹುದು” ಎಂದರಂತೆ. ಊರಿನಲ್ಲಿ ನಮ್ಮದು ಒಂದೇ ಕ್ರೈಸ್ತ ಮನೆ. ಸಂಕ್ರಾಂತಿಗೆ ನೆರೆಮನೆಗಳಿಂದ ಎಳ್ಳುಬೆಲ್ಲ ಬರುತ್ತಿತ್ತು, ಕ್ರಿಸ್‌ಮಸ್ಸಿಗೆ ನಮ್ಮ ಮನೆಯಿಂದ ಕೊಬ್ಬರಿಯ ಕರ್ಜಿಕಾಯಿ ಹೋಗುತ್ತಿತ್ತು. ಎರಡರಲ್ಲಿಯೂ ಇದ್ದದ್ದು ಅದೇ ತೋಟಗಳ ಕೊಬ್ಬರಿ.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಹೊಗಳಿಕೆಯ ಮಾತಾದೀತು. ಅಗಲಿದವರನ್ನು ನೆನೆಯುವಾಗ ಸತ್ಯವನ್ನೂ ನೆನೆಯುವುದು ನ್ಯಾಯ. ಅಜ್ಜ ತೀರಿಕೊಂಡಾಗ ದೊಡ್ಡತ್ತೆಗೆ ಹನ್ನೆರಡು ವರ್ಷ, ಆರನೆಯ ತರಗತಿಯಲ್ಲಿ ಓದುತ್ತಿದ್ದರು. ತರಗತಿಗೆ ಮೊದಲಿಗಳು. ಅಜ್ಜಿಯವರು ಆಕೆಯನ್ನು ಶಾಲೆ ಬಿಡಿಸಿದರು. ತಾಯಿ ತೋಟದಲ್ಲಿದ್ದಾಗ ಮನೆಯಲ್ಲಿ ಗಂಜಿ ಕಾಯಿಸಿ, ಕೂಸನ್ನು ಕಂಕುಳಲ್ಲಿಟ್ಟುಕೊಂಡು, ತಮ್ಮಂದಿರ ಬಟ್ಟೆ ಒಗೆದು ಶಾಲೆಗೆ ಕಳುಹಿಸಿದವರು ದೊಡ್ಡತ್ತೆ. ದೊಡ್ಡಪ್ಪ ಪದವಿ ಪಡೆದು ಸರಕಾರಿ ಕೆಲಸಕ್ಕೆ ಸೇರಿದರು, ನಮ್ಮ ತಂದೆ ಉಪಾಧ್ಯಾಯರಾದರು, ಚಿಕ್ಕತ್ತೆಯೂ ಹತ್ತನೆಯ ತರಗತಿ ಮುಗಿಸಿದರು. ದೊಡ್ಡತ್ತೆಗೆ ಬಂದ ಸಂಬಂಧಗಳನ್ನು ‘ಮನೆಗೆ ಇವಳಿಲ್ಲದಿದ್ದರೆ ಹೇಗೆ’ ಎಂದು ಮುಂದೂಡುತ್ತಾ ಹೋಗಿ ಕೊನೆಗೆ ಸಂಬಂಧಗಳೇ ಬರಲಿಲ್ಲ. ಆಕೆ ಮದುವೆಯಾಗದೆ ತೋಟದಲ್ಲಿಯೇ ಉಳಿದರು. ತಾಯಿಯ ಮೇಲೆ ಮುನಿದು ಅವರು ಒಂದು ಮಾತನ್ನೂ ಆಡಿದ್ದನ್ನು ನಾವು ಕೇಳಿಲ್ಲ. ಅದೇ ಅಜ್ಜಿಯವರಿಗೆ ಹೆಚ್ಚು ಭಾರವಾಗಿದ್ದಿರಬೇಕು.

ಕಾಲ ಸರಿಯಿತು. ತೊಂಬತ್ತರ ದಶಕದ ಕೊನೆಯಲ್ಲಿ ಕೇರಳದಲ್ಲಿ ಮೊದಲು ಕಾಣಿಸಿಕೊಂಡ ನುಸಿ ಪೀಡೆ ನಮ್ಮ ತೋಟಗಳಿಗೂ ಬಂತು. ಕಾಯಿಗಳ ಮೈಮೇಲೆ ಕಂದು ಬಣ್ಣದ ಬಿರುಕುಗಳು ಮೂಡಿ, ಸಿಪ್ಪೆ ಮುರುಟಿ, ಎಳೆಯ ಹರಳುಗಳು ಉದುರತೊಡಗಿದವು. ಎಪ್ಪತ್ತು ದಾಟಿದ್ದ ಅಜ್ಜಿಯವರು ತಿಳಿದವರನ್ನು ಕೇಳಿ ಬರಲು ಮಕ್ಕಳನ್ನು ಅಟ್ಟಿ, ಬೇವಿನೆಣ್ಣೆ ಬೆಳ್ಳುಳ್ಳಿಯ ದ್ರಾವಣ ಸಿಂಪಡಿಸಿ, ಬುಡಕ್ಕೆ ಹಸುರೆಲೆ ಗೊಬ್ಬರ ಕೊಡಿಸಿ ಮರಗಳನ್ನು ಉಳಿಸಿಕೊಂಡರು. ಉಳಿದವು ಎನ್ನುವುದಕ್ಕಿಂತ, ಬಿಟ್ಟುಕೊಡಲು ಅವರು ಒಪ್ಪಲಿಲ್ಲ ಎನ್ನುವುದೇ ಸರಿ.

2009ರಲ್ಲಿ ಆಸ್ತಿಯ ಪಾಲಿನ ಮಾತು ಎದ್ದಿತು. ಅಜ್ಜ ಉಯಿಲು ಬರೆಯದೆ ತೀರಿಕೊಂಡಿದ್ದರು. ಖಾತೆ ಎಷ್ಟೋ ವರ್ಷಗಳ ಹಿಂದೆಯೇ ದೊಡ್ಡಪ್ಪನವರ ಹೆಸರಿಗೆ ಆಗಿತ್ತು. ಊರೆಲ್ಲ ‘ಅಜ್ಜಿಯ ತೋಟ’ ಎಂದು ಕರೆದರೂ ಕಾಗದದ ಮೇಲೆ ಅಜ್ಜಿಯೇ ಇರಲಿಲ್ಲ. ಮೂವರು ಗಂಡುಮಕ್ಕಳು ತಲಾ ಒಂದು ಎಕರೆ ಹಂಚಿಕೊಳ್ಳುವುದು, ಇಬ್ಬರು ಅಕ್ಕತಂಗಿಯರಿಗೆ ಅರಿಸಿನ ಕುಂಕುಮದಂತೆ ಒಂದಿಷ್ಟು ಹಣ ಕೊಟ್ಟು ಹಕ್ಕು ಖುಲಾಸೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು, ತಾಯಿಯನ್ನು ಸರದಿಯ ಮೇಲೆ ನೋಡಿಕೊಳ್ಳುವುದು ಎಂದು ಮಾತಾಯಿತು. ಇದು ದುರುದ್ದೇಶದಿಂದ ಹುಟ್ಟಿದ ಯೋಜನೆಯಲ್ಲ. ಸುತ್ತಲಿನ ಎಲ್ಲ ಮನೆಗಳಲ್ಲಿ ನಡೆದು ಬಂದದ್ದೇ ಹಾಗೆ. ನಮ್ಮ ತಂದೆಯವರೂ ಅದಕ್ಕೆ ಒಪ್ಪಿದ್ದರೆಂಬುದನ್ನು ಮರೆಮಾಚುವುದು ಸಲ್ಲದು. ಇಬ್ಬರು ಅತ್ತೆಯರೂ ರುಜು ಹಾಕಲು ಸಿದ್ಧರಿದ್ದರು.

ಒಪ್ಪದವರು ಅಜ್ಜಿಯವರು ಒಬ್ಬರೇ. ಕಾಗದ ಓದಿಸಿ ಕೇಳಿದ ಅವರು ಎದ್ದು ಹೋಗಿ, ಟ್ರಂಕಿನಲ್ಲಿದ್ದ ಹಳೆಯ ಲೆಕ್ಕದ ಪುಸ್ತಕವನ್ನು ತಂದು ನಡುಮನೆಯಲ್ಲಿ ಇಟ್ಟರು. “ಇದರಲ್ಲಿ ಎಲ್ಲರಿಗೂ ಕೂಲಿ ಕೊಟ್ಟ ಲೆಕ್ಕ ಇದೆ. ನಿಮ್ಮ ಅಕ್ಕನಿಗೆ ಕೊಟ್ಟ ಲೆಕ್ಕ ಎಲ್ಲಿದೆ, ಹುಡುಕಿ ತೋರಿಸಿ” ಎಂದರು. ಯಾರೂ ಪುಸ್ತಕ ಮುಟ್ಟಲಿಲ್ಲ. ದೊಡ್ಡಪ್ಪನವರು, “ಅಮ್ಮ, ತೋಟಕ್ಕೆ ನೀನೇ ತಾಯಿಬೇರು, ನೀನಿರುವಾಗ ಈ ಲೆಕ್ಕವೆಲ್ಲ ಏಕೆ?” ಎಂದು ಸಮಾಧಾನ ಹೇಳಹೋದರು. ಅಜ್ಜಿಯವರ ಉತ್ತರ ನಮ್ಮ ಮನೆಯಲ್ಲಿ ಇಂದು ಗಾದೆಯಂತಾಗಿದೆ: “ತೆಂಗಿಗೆ ತಾಯಿಬೇರು ಎಲ್ಲಿದೆಯಪ್ಪ? ಬುಡದಲ್ಲಿ ಸಾವಿರ ಬೇರು, ಎಲ್ಲವೂ ಒಂದೇ ಗಾತ್ರ. ಅವೆಲ್ಲ ಹಿಡಿದುಕೊಂಡಿರುವುದಕ್ಕೇ ಮರ ನಿಂತಿದೆ.”

ಅದು ನಿಜವೂ ಹೌದು. ಮಾವಿನಂತೆ, ಹುಣಸೆಯಂತೆ ಆಳಕ್ಕಿಳಿಯುವ ಒಂದು ತಾಯಿಬೇರು ತೆಂಗಿಗಿಲ್ಲ. ಕಾಂಡದ ಬುಡದಿಂದ ಹೊರಟ ಸಹಸ್ರಾರು ಬೇರುಗಳು ಸುತ್ತಲೂ ಹರಡಿ ಮರವನ್ನು ಹಿಡಿದು ನಿಲ್ಲಿಸುತ್ತವೆ.

ವಿಷಯ ವಕೀಲರ ಬಳಿಗೆ ಹೋಯಿತು. ಅಲ್ಲಿ ತಿಳಿದು ಬಂದದ್ದು ನಮ್ಮೆಲ್ಲರಿಗೂ ಹೊಸದು. ಕರ್ನಾಟಕದ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ, ಗಂಡ ಉಯಿಲು ಬರೆಯದೆ ತೀರಿಕೊಂಡು ಮಕ್ಕಳಿದ್ದರೆ, ಹೆಂಡತಿಗೆ ಆಸ್ತಿಯ ಮೂರನೆಯ ಒಂದು ಭಾಗ ಸಲ್ಲಬೇಕು. ಉಳಿದ ಎರಡು ಭಾಗ ಮಕ್ಕಳಿಗೆ ಸಮನಾಗಿ ಸಲ್ಲಬೇಕು, ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೆ ಈ ಹಕ್ಕು ದೊರೆಯಲು ಮೇರಿ ರಾಯ್ ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1986ರಲ್ಲಿ ತೀರ್ಪು ಪಡೆಯಬೇಕಾಯಿತು. ನಮ್ಮ ನೆರೆಯ ಹಿಂದೂ ಕುಟುಂಬಗಳ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ದೇಶಾದ್ಯಂತ ದೊರೆತದ್ದು 2005ರ ತಿದ್ದುಪಡಿಯಿಂದ. ನಮಗೋ ಕಾನೂನು ಮೊದಲಿನಿಂದಲೂ ಇತ್ತು, ನಾವು ಮಾತ್ರ ಅದನ್ನು ಅಟ್ಟದ ಮೇಲಿಟ್ಟು ಮರೆತಿದ್ದೆವು.

ಮೂರು ಎಕರೆ ಎಂದರೆ 120 ಗುಂಟೆ. ಅಜ್ಜಿಯವರಿಗೆ 40 ಗುಂಟೆ, ಐವರು ಮಕ್ಕಳಿಗೆ ತಲಾ 16 ಗುಂಟೆ. ಹಾಗೆಯೇ ಪಾಲಾಯಿತು. ಎಂಬತ್ತೊಂದನೆಯ ವಯಸ್ಸಿನಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕುಳಿತು, ಹೆಬ್ಬೆಟ್ಟು ಒತ್ತಲು ಮಸಿ ಮುಂದಿಟ್ಟವರಿಗೆ “ನನಗೆ ರುಜು ಬರುತ್ತದೆ” ಎಂದು ಹೇಳಿ, ಅಜ್ಜಿಯವರು ತಮ್ಮ ಹೆಸರನ್ನು ನಿಧಾನವಾಗಿ ಬರೆದರು. ಬಳಿಕ ತಮ್ಮ 40 ಗುಂಟೆಗೆ ಉಯಿಲನ್ನೂ ಬರೆಸಿದರು: 20 ಗುಂಟೆ ದೊಡ್ಡತ್ತೆಗೆ, ಉಳಿದ ನಾಲ್ವರಿಗೆ ತಲಾ 5 ಗುಂಟೆ. ಹೆಚ್ಚಿನ ಪಾಲು ಏಕೆಂದು ಕೇಳಿದ್ದಕ್ಕೆ, “ಅದು ಪಾಲಲ್ಲ, ಶಾಲೆಯ ಸಾಲ” ಎಂದರು. ದೊಡ್ಡತ್ತೆ ಅಂದು ಮೊದಲ ಬಾರಿಗೆ ತಾಯಿಯ ಮುಂದೆ ಬಿಕ್ಕಿ ಬಿಕ್ಕಿ ಅತ್ತರು. ಸಾಲ ತೀರಿತೆಂದು ಹೇಳಲಾಗದು, ಕಳೆದ ಶಾಲೆಯ ದಿನಗಳನ್ನು ಯಾವ ತೋಟವೂ ಹಿಂದಕ್ಕೆ ತಾರದು. ಆದರೆ ಸಾಲವಿದೆಯೆಂದು ತಾಯಿ ಬಾಯಿಬಿಟ್ಟು ಒಪ್ಪಿಕೊಂಡರು. ಅದು ಆ ಮಗಳಿಗೆ ನಲವತ್ತು ವರ್ಷಗಳಿಂದ ಬೇಕಾಗಿದ್ದ ಮಾತು.

ಇದರಿಂದ ಮನೆಯಲ್ಲಿ ನೋವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನಮ್ಮ ತಂದೆಯ ಅಣ್ಣತಮ್ಮಂದಿರಲ್ಲಿ ಒಬ್ಬರು ಎರಡು ವರ್ಷ ತಾಯಿಯ ಬಾಗಿಲಿಗೆ ಬರಲಿಲ್ಲ. ಅಜ್ಜಿಯವರು ಕರೆಯಲೂ ಇಲ್ಲ, ದೂರಲೂ ಇಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ಅವರ ಪಾಲಿನ ಕರ್ಜಿಕಾಯಿ ಡಬ್ಬಿಯನ್ನು ಮೊಮ್ಮಕ್ಕಳ ಕೈಯಲ್ಲಿ ಕಳುಹಿಸುತ್ತಿದ್ದರು, ಡಬ್ಬಿ ಖಾಲಿಯಾಗಿ ಹಿಂದಿರುಗುತ್ತಿತ್ತು. ಮೂರನೆಯ ಕ್ರಿಸ್‌ಮಸ್ಸಿಗೆ ಡಬ್ಬಿಯ ಜೊತೆಗೆ ಮಗನೇ ಬಂದರು. ಅಜ್ಜಿಯವರು ಕೇಳಿದ್ದು “ಊಟ ಆಯಿತೇನಪ್ಪ?” ಎಂದಷ್ಟೇ.

ಪಾಲಾದರೂ ತೋಟದಲ್ಲಿ ಬೇಲಿಗಳು ಏಳಲಿಲ್ಲ. 16 ಗುಂಟೆಯ ತುಂಡುಗಳನ್ನು ಬೇರೆ ಬೇರೆಯಾಗಿ ಮಾಡಿದರೆ ಯಾರಿಗೂ ಗಿಟ್ಟದೆಂದು ಐವರೂ ಒಟ್ಟಿಗೇ ಸಾಗುವಳಿ ಮಾಡಲು ಒಪ್ಪಿದರು. ಮೇಲ್ವಿಚಾರಣೆ ದೊಡ್ಡತ್ತೆಯದು, ಓಡಾಟ ಚಿಕ್ಕಪ್ಪನದು, ವರ್ಷಕ್ಕೊಮ್ಮೆ ಕೊಬ್ಬರಿ ಮಾರಿದ ಮೇಲೆ ಪಾಲಿಗೆ ತಕ್ಕಂತೆ ಹಂಚಿಕೆ. ಅನಂತರದ ಬರಗಾಲದ ವರ್ಷಗಳಲ್ಲಿ ನಮ್ಮ ಸುತ್ತಿನ ತೋಟಗಳಲ್ಲಿ ಮರಗಳು ನಿಂತಲ್ಲೇ ಒಣಗಿದಾಗ, ಕೊಳವೆಬಾವಿಯ ಖರ್ಚನ್ನು ಐದು ಮನೆಗಳು ಹೊತ್ತದ್ದರಿಂದಲೇ ನಮ್ಮ ಮರಗಳಲ್ಲಿ ಹೆಚ್ಚಿನವು ಉಳಿದವು. ಅಜ್ಜಿಯವರು ಹೋದ ಮರುವರ್ಷ, 2023ರಲ್ಲಿ, ಉಂಡೆ ಕೊಬ್ಬರಿಗೆ ಕೇಂದ್ರ ಸರಕಾರ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. ಅನೇಕರು ಸಾಲಕ್ಕಂಜಿ ಸಿಕ್ಕಿದ ಬೆಲೆಗೆ ಮಾರಿದರು. ದೊಡ್ಡತ್ತೆ ಅಟ್ಟ ನೋಡಿ, “ಅಮ್ಮ ಇದ್ದಿದ್ದರೆ ಕಾಯುತ್ತಿದ್ದರು” ಎಂದರು. ಕಾದೆವು. 2025ರಲ್ಲಿ ಕೊಬ್ಬರಿ ಹಿಂದೆಂದೂ ಕಾಣದ ಬೆಲೆ ಕಂಡಿತು. ಅಷ್ಟರಲ್ಲಿ ನಮ್ಮ ಅಟ್ಟದ ಹಳೆಯ ಕಾಯಿ ಬಹುಪಾಲು ಖರ್ಚಾಗಿತ್ತು ಎಂಬುದನ್ನೂ ಹೇಳಬೇಕು. ಕಾದವರಿಗೆಲ್ಲ ಕೈತುಂಬ ಸಿಗುವುದಿಲ್ಲ. ಆದರೆ ಜೊತೆಗೂಡಿ ಕಾದವರು ತೋಟ ಕಳೆದುಕೊಳ್ಳಲಿಲ್ಲ.

ಕೊನೆಯ ಎರಡು ವರ್ಷ ಅಜ್ಜಿಯವರು ಹಾಸಿಗೆ ಹಿಡಿದಿದ್ದರು. ಕಣ್ಣು ಮಂಜಾಗಿತ್ತು, ಮೊಮ್ಮಕ್ಕಳ ಹೆಸರು ಒಂದರ ಬದಲಿಗೆ ಇನ್ನೊಂದು ಬರುತ್ತಿತ್ತು. ಆದರೂ ಸಂಜೆಯ ಜಪಸರದಲ್ಲಿ ಒಂದು ಮಣಿಯೂ ತಪ್ಪುತ್ತಿರಲಿಲ್ಲ. ಆಗಾಗ ಒಂದು ಒಣಗಿದ ಕಾಯಿಯನ್ನು ಕೈಗೆ ಕೊಡಿಸಿಕೊಂಡು, ಕಿವಿಯ ಬಳಿ ಹಿಡಿದು ಅಲುಗಿಸಿ, “ಇನ್ನೂ ನೀರಿದೆ, ಬಿಡಿ” ಎಂದೋ, “ಆಯಿತು, ಇಳಿಸಿ” ಎಂದೋ ಹೇಳುತ್ತಿದ್ದರು. ವಿಚಾರಣೆ ಗುರುಗಳು ಬಂದು ವ್ಯಾಧಿಸ್ಥರ ಅಭ್ಯಂಗವನ್ನಿತ್ತು, ಪರಮಪ್ರಸಾದ ಕೊಟ್ಟು ಹೋದ ಮರುದಿನ ನಸುಕಿನಲ್ಲಿ, ದೊಡ್ಡತ್ತೆಯ ಕೈ ಹಿಡಿದುಕೊಂಡೇ ಅವರು ಉಸಿರು ಬಿಟ್ಟರು. ಮಣ್ಣಿಗೆ ಊರಿಗೆ ಊರೇ ಬಂದಿತ್ತು. ನಮ್ಮ ಪ್ರಾರ್ಥನೆಗಳನ್ನು ಅರಿಯದ ನೆರೆಹೊರೆಯವರು ಅಂಗಳದಲ್ಲಿ ತಲೆಬಾಗಿ ನಿಂತು, ನಾವು ಹೇಳುವುದು ಮುಗಿಯುವವರೆಗೆ ಕದಲಲಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಗಳಲ್ಲಿಯೂ ಇಂಥ ಹಿರಿಯರಿದ್ದಾರು, ಇದ್ದು ಹೋಗಿದ್ದಾರು. ಅವರ ಸಹನೆಯನ್ನು, ತ್ಯಾಗವನ್ನು ನಾವು ಬಾಯ್ತುಂಬ ಹೊಗಳುತ್ತೇವೆ. ತಿಥಿಯ ದಿನ ಪೂಜೆ ಮಾಡಿಸುತ್ತೇವೆ, ಸಮಾಧಿಯ ಮೇಲೆ ಹೂವಿಡುತ್ತೇವೆ. ಇವೆಲ್ಲ ಆಗಬೇಕಾದುದೇ. ಆದರೆ ಜೀವಮಾನವಿಡೀ ದುಡಿದ ತಾಯಿಯ ಹೆಸರು, ಆಕೆಯ ಹೆಣ್ಣುಮಕ್ಕಳ ಹೆಸರು ಮನೆಯ ಕಾಗದಪತ್ರದಲ್ಲಿ ಇದೆಯೇ ಎಂದು ಒಮ್ಮೆ ನೋಡಿದ್ದೇವೆಯೇ? ತ್ಯಾಗವನ್ನು ಹೊಗಳುವುದು ಸುಲಭ, ಅದರ ಲೆಕ್ಕ ತೀರಿಸುವುದು ಕಷ್ಟ. ನಮ್ಮ ಅಜ್ಜಿಯವರು ತಮ್ಮಿಂದಾದ ತಪ್ಪಿನ ಲೆಕ್ಕವನ್ನೂ ಬಿಡದೆ ಬರೆದಿಟ್ಟು, ಬದುಕಿರುವಾಗಲೇ ಕೈಲಾದಷ್ಟು ತೀರಿಸಿ ಹೋದರು. ಪಾಪನಿವೇದನೆಯೆಂದರೆ ಬರಿಯ ಬಾಯಿಮಾತಲ್ಲವೆಂದು ಅವರು ನಮಗೆ ಕಲಿಸಿದ್ದು ಹೀಗೆ.

ಗರಿಗಳ ಭಾನುವಾರದಂದು ನಾವು ಮನೆಗೆ ತಂದ ಗರಿಯನ್ನು ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತೇವೆ. ಮುಂದಿನ ವರ್ಷ ಅದನ್ನು ಹಿಂದಿರುಗಿಸುತ್ತೇವೆ, ಅದು ಬೂದಿಯಾಗಿ ನಮ್ಮ ಹಣೆಗೆ ಬರುತ್ತದೆ. ಅಜ್ಜಿಯವರ ಕೊನೆಯ ವರ್ಷದ ಗರಿ ಮರುವರ್ಷ ಬೂದಿಯಾಗಿ ನಮ್ಮೆಲ್ಲರ ಹಣೆಗೆ ಬಂದ ದಿನ, ತೋಟದಲ್ಲಿ ದೊಡ್ಡತ್ತೆ ಹೊಸ ಸಸಿಗಳಿಗೆ ಗುಂಡಿ ತೋಡಿಸುತ್ತಿದ್ದರು. ಈಗ ನೆಟ್ಟ ತೆಂಗು ಫಲ ಕೊಡಲು ಆರೇಳು ವರ್ಷ ಬೇಕು, ಅದು ಬಾಳುವುದು ಮೂರು ತಲೆಮಾರು. ಅದರ ಪಹಣಿಯಲ್ಲಿ ಈಗ ಹೆಣ್ಣುಮಕ್ಕಳ ಹೆಸರೂ ಇದೆ.

ಪ್ರಭು ಅವರ ಆತ್ಮಕ್ಕೆ ನಿತ್ಯಶಾಂತಿಯನ್ನು ಕರುಣಿಸಲಿ.